ನಮ್ಮ ಸರ್ಟಿಫಿಕೇಟ್ ಕೇಳೋರು ಮೊದಲು ತಮ್ಮದು ತೋರಿಸಲಿ



ಸ್ಕಾಲರ್‌ಶಿಪ್, ಹಾಸ್ಟೆಲ್ ಅರ್ಜಿ ಹಾಕೋ ಸಮಯ ಇದು. ನಮ್ಮ ಮಕ್ಕಳು ಆರ್‌ಡಿ ನಂಬರ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹಿಡ್ಕೊಂಡು ಸೈಬರ್ ಸೆಂಟರ್ ಮುಂದೆ ನಿಂತಿದ್ದಾರೆ. ನಮ್ಮ ಕಡೆಯ ಒಂದು ಸಂಸ್ಥೆಯ ಅರ್ಜಿ ಪುಟ ತೆಗೆದರೆ ವಿಳಾಸದ ಪಕ್ಕದಲ್ಲೇ 'ನಾಟ್ ಸೆಕ್ಯೂರ್' ಅಂತ ಬರುತ್ತೆ. ಇನ್ನೊಂದರ ಸರ್ಟಿಫಿಕೇಟ್ ಅವಧಿ ಮುಗಿದು ಪರದೆ ತುಂಬ ಎಚ್ಚರಿಕೆ. ಫೋನ್ ಮಾಡಿದರೆ "ಅದು ಹಂಗೇ ಬರುತ್ತೆ ಸರ್, ಅಡ್ವಾನ್ಸ್ಡ್ ಒತ್ತಿ ಮುಂದಕ್ಕೆ ಹೋಗಿ" ಅಂತಾರೆ.

ನಾನೂ ಗುಮಾಸ್ತನೇ. ಆದಾಯ ಪ್ರಮಾಣಪತ್ರದ ಅವಧಿ ಒಂದು ದಿನ ಮೀರಿದ್ದರೂ ಅರ್ಜಿ ವಾಪಸ್ ಕಳಿಸೋ ವ್ಯವಸ್ಥೆ ನಮ್ಮದು. ಹಾಗಾದರೆ ನಿಮ್ಮ ಸರ್ಟಿಫಿಕೇಟ್ ಅವಧಿ ಮೀರಿದರೆ ನಾವು ಯಾಕ್ರೀ ಮುಂದಕ್ಕೆ ಹೋಗಬೇಕು?

ವೆಬ್‌ಸೈಟಿನ ಸರ್ಟಿಫಿಕೇಟ್ ಅಂದ್ರೆ ಗೋಡೆಗೆ ನೇತು ಹಾಕೋ ಪ್ರಶಸ್ತಿ ಅಲ್ಲ. ನೀವು ವ್ಯವಹರಿಸ್ತಿರೋದು ನಿಜವಾಗಿಯೂ ಆ ವಿಳಾಸದ ಸರ್ವರ್ ಜೊತೆಗೇ ಅಂತ ಬೇರೊಂದು ಸಂಸ್ಥೆ ಸಹಿ ಹಾಕಿ ಕೊಡೋ ದೃಢೀಕರಣ, ನಮ್ಮ ಪತ್ರಕ್ಕೆ ತಹಸೀಲ್ದಾರ್ ಸಹಿ ಇದ್ದಂಗೆ. ಅದರ ಆಧಾರದ ಮೇಲೆ ಎರಡೂ ಕಡೆಯ ಮಾತು ಗೂಢಲಿಪಿಗೆ ತಿರುಗಿ ಹೋಗುತ್ತೆ. ಅದಿಲ್ಲದಿದ್ದರೆ ನೀವು ತುಂಬಿದ ಅರ್ಜಿ ಪೋಸ್ಟ್ ಕಾರ್ಡ್ ಥರ. ದಾರಿಯಲ್ಲಿ ಯಾರ ಕೈಗೆ ಸಿಕ್ಕರೂ ಓದಬಹುದು, ತಿದ್ದಲೂಬಹುದು.

ಊಹೆ ಅನ್ನೋರಿಗೆ ಒಂದು ಉದಾಹರಣೆ. 2015ರಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ಒಬ್ಬರು ಏರ್‌ಟೆಲ್ 3ಜಿಯಲ್ಲಿ ತಮ್ಮದೇ ಸೈಟ್ ತೆಗೆದು ನೋಡಿದರೆ ತಾವು ಬರೆಯದ ಕೋಡ್ ಅದರೊಳಗೆ ಕೂತಿತ್ತು. ಗ್ರಾಹಕರ ಡೇಟಾ ಬಳಕೆ ಲೆಕ್ಕಕ್ಕೆ ಅಂತ ಕಂಪನಿ ಸಮಜಾಯಿಷಿ ಕೊಡ್ತು. ಬಯಲು ಮಾಡಿದವರಿಗೆ, ಆ ಕೋಡ್ ಹಿಂದಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಡೆಯಿಂದ ಲೀಗಲ್ ನೋಟಿಸ್ ಬಂತು! ಬೀಗ ಇಲ್ಲದ ಪುಟಕ್ಕೆ ನಡುವಿನವರು ಹೀಗೆ ಕೈ ಹಾಕ್ತಾರೆ.

ಈಗ ನಮ್ಮ ಹುಡುಗಿಯನ್ನ ನೆನೆಸ್ಕೊಳ್ಳಿ. ಸಿಟಿಗೆ ಬಂದು, ರೂಮ್ ಸಿಗಲಿ ಅಂತ ಜಾತಿ ಹೇಳದೆ ಪಿಜಿಯಲ್ಲಿದ್ದಾಳೆ. ಪಿಜಿ ವೈಫೈಯಿಂದಲೇ ಇಂಥ ಪುಟದಲ್ಲಿ ಅರ್ಜಿ ತುಂಬ್ತಾಳೆ. ಆ ವೈಫೈ ಕೈಯಲ್ಲಿರೋ ಓನರ್ ಮನಸ್ಸು ಮಾಡಿದರೆ ಅವಳ ಜಾತಿ, ಊರು, ಅಪ್ಪನ ಆದಾಯ ಎಲ್ಲ ಓದಬಹುದು. ತನ್ನ ಜಾತಿಯನ್ನ ಯಾರಿಗೆ, ಯಾವಾಗ ಹೇಳಬೇಕು ಅನ್ನೋದು ಅವಳ ತೀರ್ಮಾನ. ಅದನ್ನ ಕಿತ್ಕೊಳ್ಳೋಕೆ ನೀವ್ಯಾರು?

ದುಡ್ಡಿಲ್ಲ ಅನ್ನೋ ನೆಪ ಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಲಾಭರಹಿತ ಸಂಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಪುಕ್ಕಟೆ ಕೊಡ್ತಿದೆ. ಒಂದ್ಸಲ ಸರಿಯಾಗಿ ಹೊಂದಿಸಿದರೆ ತಾನೇ ನವೀಕರಣ ಆಗುತ್ತೆ. ಕೊರತೆ ಇರೋದು ನಮ್ಮ ಮಕ್ಕಳ ಮಾಹಿತಿಗೆ ಬೆಲೆ ಇದೆ ಅನ್ನೋ ಭಾವನೆಗೆ.

ನಮ್ಮ ಸಂಘಟನೆಗಳಿಗೂ ಒಂದು ಮಾತು, ಬೇಜಾರಾದರೂ ಪರವಾಗಿಲ್ಲ. "ನಮ್ಮದು ಬಹಿರಂಗ ಹೋರಾಟ, ಮುಚ್ಚಿಡೋಕೆ ಏನಿದೆ" ಅಂತೀರಿ. ಭಾಷಣ ಬಹಿರಂಗ ಇರಲಿ. ದೌರ್ಜನ್ಯದ ದೂರು ಕಳಿಸೋ ಹೆಣ್ಣುಮಗಳ ಹೆಸರು, ಫೋನ್ ನಂಬರ್ ಬಹಿರಂಗ ಆಗಬೇಕಾ?

ಬೀಗ ಇದ್ದ ತಕ್ಷಣ ಸೈಟ್ ನಡೆಸೋನು ಸಾಚಾ ಅಂತಲ್ಲ, ಕಳ್ಳನೂ ಸರ್ಟಿಫಿಕೇಟ್ ತಗೋತಾನೆ. ಅದಕ್ಕೇ ವಿಳಾಸದ ಅಕ್ಷರ ಅಕ್ಷರ ಓದಿ. ಎಚ್ಚರಿಕೆ ಬಂದ ಪುಟದಲ್ಲಿ ಮಾತ್ರ ಏನೂ ತುಂಬಬೇಡಿ, ಸ್ಕ್ರೀನ್‌ಶಾಟ್ ತೆಗೀರಿ.

ಸರ್ಕಾರಿ ಕಚೇರಿಯದ್ದಾದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಸರ್ಟಿಫಿಕೇಟ್ ಅವಧಿ ಯಾವಾಗ ಮುಗೀತು, ನವೀಕರಣದ ಹೊಣೆ ಯಾವ ಅಧಿಕಾರಿಯದ್ದು, ನಿರ್ವಹಣೆಗೆ ಯಾರಿಗೆ ಎಷ್ಟು ಪಾವತಿಯಾಗಿದೆ, ದಾಖಲೆ ಪ್ರತಿ ಕೊಡಿ ಅಂತ ಕೇಳಿ. ಅರ್ಜಿ ಬರೆಯೋಕೆ ಬರಲ್ಲ ಅನ್ನೋರು ಇನ್‌ಬಾಕ್ಸಿಗೆ ಬನ್ನಿ, ಡ್ರಾಫ್ಟ್ ನಾನು ಮಾಡಿಕೊಡ್ತೀನಿ.