ಹೂದಾನಿಯ ಕುಲ ಕೇಳುವವರಿಗೆ

‘ಚೀನೀ ಇಮಾರಿ’ ಎಂದು ಕರೆಯುವ ಹಳೆಯ ಪಿಂಗಾಣಿ ಹೂದಾನಿಯೊಂದರ ಚಿತ್ರವನ್ನು ನೋಡಿದ ಹಿರಿಯ ಮಿತ್ರರೊಬ್ಬರು, ಇದು ಜಪಾನಿನ ನಕಲು, ಇದರಲ್ಲಿ ಸ್ವಂತದ್ದೇನಿದೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಆ ಮಾತನ್ನು ನಾನು ಒಪ್ಪಲಾರೆ.

ಮೆರುಗಿನ ಕೆಳಗೆ ಕೋಬಾಲ್ಟ್ ನೀಲಿ, ಮೇಲೆ ಕಬ್ಬಿಣದ ಕೆಂಪು ಮತ್ತು ಹೊನ್ನು: ಈ ಅಲಂಕಾರ ಜಪಾನಿನಿಂದ ಬಂದದ್ದು ನಿಜ. ಆದರೆ ಜಪಾನಿಗೆ ಪಿಂಗಾಣಿ ಬಂದದ್ದೆಲ್ಲಿಂದ? 1592ರಿಂದ 1598ರವರೆಗೆ ಹಿದೆಯೋಶಿ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಗಳ ಕಾಲದಲ್ಲಿ ಕರೆತರಲಾದ ಕುಂಬಾರರು ಕ್ಯೂಷು ದ್ವೀಪದ ಅರಿತಾದಲ್ಲಿ ಅದಕ್ಕೆ ಬುನಾದಿ ಹಾಕಿದರು. ಅವರ ಕಣ್ಣ ಮುಂದೆ ಚೀನಾದ ನೀಲಿ-ಬಿಳಿ ಪಾತ್ರೆಗಳ ಮಾದರಿಯಿತ್ತು. 1644ರಲ್ಲಿ ಮಿಂಗ್ ಅರಸೊತ್ತಿಗೆ ಕುಸಿದು ಜಿಂಗ್‌ದೆಝೆನ್‌ನ ರಫ್ತು ಏರುಪೇರಾದಾಗ ಡಚ್ ಈಸ್ಟ್ ಇಂಡಿಯಾ ಕಂಪನಿ ಅರಿತಾದತ್ತ ತಿರುಗಿತು. 1659ರಲ್ಲಿ ಭಾರಿ ಬೇಡಿಕೆಯನ್ನಿತ್ತಿತು. ಸರಕು ಹೊರಟ ಇಮಾರಿ ಬಂದರಿನ ಹೆಸರೇ ಶೈಲಿಯ ಹೆಸರಾಯಿತು. 1680ರ ದಶಕದಲ್ಲಿ ಜಿಂಗ್‌ದೆಝೆನ್ ಚೇತರಿಸಿಕೊಂಡಿತು. 18ನೆಯ ಶತಮಾನದ ಆರಂಭದ ಹೊತ್ತಿಗೆ ಅಲ್ಲಿನ ಕುಂಬಾರರು ಅದೇ ಬಣ್ಣಗಳನ್ನು ಎತ್ತಿಕೊಂಡು, ಕಡಿಮೆ ಬೆಲೆಗೆ ಯುರೋಪಿನ ಮಾರುಕಟ್ಟೆಯನ್ನು ಮರಳಿ ಹಿಡಿದರು. ಹಾಗಾದರೆ ಯಾರು ಯಾರ ನಕಲು?

ಇದು ವ್ಯಾಪಾರದ ಜಾಣತನ, ಕಲೆಯಲ್ಲ ಎಂಬ ಆಕ್ಷೇಪ ಬರಬಹುದು. ಅರಿತಾ ಮಾಡಿದ್ದೂ ವ್ಯಾಪಾರವನ್ನೇ ಅಲ್ಲವೆ? ಮೇಲಾಗಿ, ಬಲ್ಲವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬೇರ್ಪಡಿಸಬಲ್ಲರು. ಚೀನೀ ಪಾತ್ರೆಯ ಮೈ ಸಾಮಾನ್ಯವಾಗಿ ಹೆಚ್ಚು ತೆಳು, ಹೆಚ್ಚು ಬಿಳಿ. ಬಣ್ಣ ಎರವಲಾದರೂ ಮಣ್ಣು ಮತ್ತು ಕೈ ಜಿಂಗ್‌ದೆಝೆನ್‌ನವೇ ಆಗಿ ಉಳಿದವು.

ಬರಿಯ ಹೂದಾನಿಯ ಮಾತಾಗಿದ್ದರೆ ನಾನಿಷ್ಟು ಬರೆಯುತ್ತಿರಲಿಲ್ಲ. ಹೊರನಾಡಿನ ನಮ್ಮ ಸಭೆಗಳಲ್ಲಿ, ಮರಾಠಿಯನ್ನೋ ತೆಲುಗನ್ನೋ ಬೆರೆಸಿ ಮಾತನಾಡುವ ಮಕ್ಕಳನ್ನು ಇದೇ ಮಿತ್ರರಂಥವರು ‘ಕಲಬೆರಕೆ ಕನ್ನಡ’ ಎಂದು ಹಂಗಿಸುವುದನ್ನು ಕೇಳಿದ್ದೇನೆ. ಮರಾಠಿಗರ ಅಡಕಿತ್ತಾ ನಮ್ಮ ಅಡಕೊತ್ತೇ ಎಂಬುದು ಅವರಿಗೆ ನೆನಪಿರುವುದಿಲ್ಲ. ಪದ ಹೋದದ್ದು ನಮಗೆ ಹೆಮ್ಮೆ, ಬಂದದ್ದು ಮಾತ್ರ ಮೈಲಿಗೆ! ಹಂಗಿಸಿಕೊಂಡ ಮಗು ಮರುವರ್ಷ ಸಭೆಗೆ ಬರುವುದಿಲ್ಲ; ಶುದ್ಧ ಕನ್ನಡವನ್ನು ಕಲಿಯುವುದೂ ಇಲ್ಲ, ಇದ್ದ ಕನ್ನಡವನ್ನೂ ಬಿಡುತ್ತದೆ.

ಎರವಲು ಬಣ್ಣಕ್ಕೆ ನಾಚಿ ಜಿಂಗ್‌ದೆಝೆನ್‌ನ ಕುಂಬಾರರು ಆವಿಗೆಯ ಬೆಂಕಿ ನಂದಿಸಲಿಲ್ಲ. ನಾವೇಕೆ ನಮ್ಮ ಮಕ್ಕಳ ಬಾಯಿ ಮುಚ್ಚಿಸಬೇಕು?