ಟ್ಯಾಂಕರಿನ ಹಿಂದೆ ಅಮಾವಾಸ್ಯೆ

ಹೊತ್ತು ಮುಳುಗಿದ ಮೇಲೆ ಕೆಂಗೇರಿ ಬಸ್ ನಿಲ್ದಾಣದ ಎದುರು ಹತ್ತು ನಿಮಿಷ ನಿಂತರೆ ಸಾಕು. ಬಸ್ಸು, ಲಾರಿ, ಆಟೋ ಎಲ್ಲದರ ಬೆನ್ನಿಗೂ ಕೆಂಪು ದೀಪ ಉಂಟು. ನಡುವೆ ಒಂದು ಕರಿ ಗುಡ್ಡ ತೆವಳುತ್ತಾ ಬರುತ್ತದೆ. ಅದು ಟ್ರ್ಯಾಕ್ಟರಿಗೆ ಕಟ್ಟಿದ ನೀರಿನ ಟ್ಯಾಂಕರು. ಮುಂದೆ ಎರಡು ದೀಪ, ಹಾಡು ಜೋರು. ಹಿಂದೆ ಮಾತ್ರ ಅಮಾವಾಸ್ಯೆ!

ಸುಂಕದಕಟ್ಟೆ, ಉಲ್ಲಾಳ, ನಾಗರಬಾವಿ ಕಡೆ ಹೋದರೂ ಇದೇ ದೃಶ್ಯ. ಇಟ್ಟಿಗೆ, ಜಲ್ಲಿ ಹೊರುವ ಟ್ರೈಲರುಗಳದ್ದೂ ಇದೇ ಕಥೆ. 6,000 ಲೀಟರ್ ನೀರೆಂದರೆ 6 ಟನ್ ತೂಕ. 50 ಕಿಲೋಮೀಟರ್ ವೇಗದಲ್ಲಿ ಬರುವ ಸ್ಕೂಟರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ತುಕ್ಕಿನ ಬಣ್ಣದ ತೊಟ್ಟಿ ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಕಾರ್ಖಾನೆ ಪಾಳಿ ಮುಗಿಸಿ ಮನೆಗೆ ಹೊರಟವನು ಮನೆ ಸೇರುವುದಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದಕ್ಕೆ ಅಪ್ಪಣೆ ಸ್ಪಷ್ಟವಾಗಿದೆ. ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ಹೆಲ್ಮೆಟ್ ಇಲ್ಲದ ತಲೆಯನ್ನು ಅಷ್ಟೇ ದೂರದಿಂದ ಗುರುತಿಸುವ ಕಣ್ಣುಗಳಿಗೆ ಈ ಗುಡ್ಡ ಮಾತ್ರ ಯಾಕೆ ಕಾಣದೋ!

ಮಾಲೀಕರು ದೀಪವನ್ನೇ ಹಾಕಿಸಿಲ್ಲ ಎಂದರೆ ತಪ್ಪಾದೀತು. ಹೊಸದರಲ್ಲಿ ಎಲ್ಲಾ ಇರುತ್ತದೆ. ಕೆಡುವುದು ಅರ್ಥ್. ಟ್ರ್ಯಾಕ್ಟರಿನಿಂದ ಕರೆಂಟು ವೈರಿನಲ್ಲಿ ಹೋಗುತ್ತದೆ, ವಾಪಸು ಬರುವುದು ಮಾತ್ರ ಚಾಸಿ ಮತ್ತು ಕೊಂಡಿಯ ಕಬ್ಬಿಣದ ಮೂಲಕ. ಟ್ಯಾಂಕರಿನ ನಲ್ಲಿ ಹಗಲೂ ರಾತ್ರಿ ತೊಟ್ಟಿಕ್ಕಿ ಆ ಕಬ್ಬಿಣಕ್ಕೆ ತುಕ್ಕು ಹಿಡಿಯಿತೆಂದರೆ ದಾರಿ ಕಟ್ಟಾಯಿತು. ದೀಪ ಮಿಣಮಿಣ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಕಣ್ಣು ಮಿಟುಕಿಸುತ್ತದೆ. ಡ್ರೈವರು ಬಲ್ಬ್ ಬದಲಾಯಿಸುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಾಲ್ಕು ಬಲ್ಬ್ ತಂದು ಸಾಕಾಗಿ, ಐದನೆಯದಕ್ಕೆ ಆಸೆ ಬಿಡುತ್ತಾನೆ.

ಮದ್ದು ಸುಲಭ. ಪ್ರತಿ ದೀಪದಿಂದ ಪ್ಲಗ್‌ವರೆಗೆ ಅರ್ಥ್‌ಗೆಂದೇ ಬೇರೆ ವೈರು ಎಳೆಯಬೇಕು. ಜಾಯಿಂಟಿಗೆ ಬೆಸುಗೆ ಹಾಕಿಸಿ, ವೈರನ್ನು ಪೈಪಿನೊಳಗೆ ತೂರಿಸಿ ಚಾಸಿಗೆ ಬಿಗಿಯಬೇಕು. ನೀರು ಹೋಗದಂತೆ ಸೀಲ್ ಮಾಡಿದ ಎಲ್‌ಇಡಿ ದೀಪ ಹಾಕಿಸಿದರೆ ಇನ್ನೂ ಒಳ್ಳೆಯದು. ಹಳೆಯ ಬ್ರೇಕ್ ಬಲ್ಬಿಗೆ 21 ವಾಟ್ ಬೇಕು, ಇದಕ್ಕೆ ಅದರಲ್ಲೊಂದು ಸಣ್ಣ ಪಾಲು ಸಾಕು. ಇಂಡಿಕೇಟರ್ ಲೊಟಲೊಟ ಬಡಿದುಕೊಳ್ಳತೊಡಗಿದರೆ ಫ್ಲಾಶರ್ ಬದಲಿಸಬೇಕು, ಅಷ್ಟೇ. ಹಿಂದೆ ಅಡ್ಡಕ್ಕೊಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ಅದಕ್ಕೆ ಕರೆಂಟೂ ಬೇಡ. ಕಾಮಾಕ್ಷಿಪಾಳ್ಯದ ಯಾವ ಆಟೋ ಎಲೆಕ್ಟ್ರಿಷಿಯನ್ ಆದರೂ ಅರ್ಧ ದಿನದಲ್ಲಿ ಮಾಡಿಕೊಟ್ಟಾನು. ಕೆಲವು ಟ್ರಿಪ್ಪುಗಳ ಬಾಡಿಗೆಯಲ್ಲಿ ಮುಗಿಯುವ ಖರ್ಚು.

ಆದರೆ ಮಾಡಿಸುವವರು ಯಾರು? 'ಓನರ್ ಕೊಡಲ್ಲ ಸಾರ್' ಎಂಬುದು ಡ್ರೈವರನ ಉತ್ತರ. ದಂಡ ಬಿದ್ದರೆ ಕಳೆಯುವುದು ಅವನ ಕೂಲಿಯಲ್ಲೇ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ ಟ್ಯಾಂಕರುಗಳಿಗೆ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ನೋಂದಣಿಯೂ ಆಗಬೇಕೆಂದು ಸರ್ಕಾರ ಕಟ್ಟಪ್ಪಣೆ ಮಾಡಿತು. ಆ ನೋಂದಣಿಯ ಜೊತೆಗೇ ಹಿಂದಿನ ದೀಪ ಹೊತ್ತಿಸಿ ತೋರಿಸು ಎಂದಿದ್ದರೆ ಕೆಲಸ ಅಂದೇ ಮುಗಿಯುತ್ತಿತ್ತು.

ಈಗಲೂ ದಾರಿಯಿದೆ. ಟ್ಯಾಂಕರುಗಳು ತಾವಾಗಿಯೇ ಸಾಲು ನಿಲ್ಲುವುದು ನೀರು ತುಂಬುವ ಬೋರ್‌ವೆಲ್ ಬಳಿ. ಸಂಜೆ ಆರಕ್ಕೆ ಅಲ್ಲಿ ಒಬ್ಬ ಪೇದೆ, ಒಬ್ಬ ಎಲೆಕ್ಟ್ರಿಷಿಯನ್ ಇದ್ದರೆ ಸಾಕು, ಅಟ್ಟಿಸಿಕೊಂಡು ಹೋಗುವ ಶ್ರಮವಿಲ್ಲ. ನೋಟಿಸು ಡ್ರೈವರನ ಕೈಗಲ್ಲ, ಮಾಲೀಕರ ಹೆಸರಿಗೆ ಹೋಗಲಿ. ನೀರು ತರಿಸುವ ಹೋಟೆಲಿನವರು, ಅಂಗಡಿಯವರು, ಅಪಾರ್ಟ್‌ಮೆಂಟಿನವರು ಪೈಪು ಬಿಚ್ಚಿಸುವ ಮೊದಲು 'ಬ್ರೇಕ್ ಒತ್ತಪ್ಪಾ, ನೋಡೋಣ' ಎನ್ನಲಿ. ಹೊತ್ತದಿದ್ದರೆ ಮುಂದಿನ ಲೋಡಿಗೆ ಬೇರೆ ಗಾಡಿ ಕರೆಯಲಿ.