ಇಳಿಜಾರಿನಲ್ಲಿ ಉಳಿಯುವ ಪೆಟ್ರೋಲ್ ಎಷ್ಟು?

ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿಯ ಗೆರೆ ದಾಟಿದ್ದು 2021ರಲ್ಲಿ. ಅಂದಿನಿಂದ ವಾಹನವುಳ್ಳ ಮನೆಮನೆಯಲ್ಲೂ ಇಂಧನ ಮಿತವ್ಯಯದ ಪಂಡಿತನೊಬ್ಬ ಹುಟ್ಟಿಕೊಂಡಿದ್ದಾನೆ. ಮುಂಜಾನೆಯ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಸಿಗುತ್ತದೆ, ನೂರರ ಬದಲು ನೂರಹತ್ತಕ್ಕೆ ಹಾಕಿಸಿದರೆ ಅಳತೆಯಲ್ಲಿ ಮೋಸವಾಗುವುದಿಲ್ಲ, ಟಾಪ್ ಗೇರು ಬಿಡದಿದ್ದರೆ ಬಂಡಿ ಎಣ್ಣೆ ಕುಡಿಯುವುದಿಲ್ಲ ಎಂಬಿತ್ಯಾದಿ ಉಪದೇಶಗಳಿಗೆ ಕೊನೆಯಿಲ್ಲ. ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ನಂಬಿದವರಿಗೆ ಸಮಾಧಾನ, ನಂಬದವರಿಗೆ ನಷ್ಟವಿಲ್ಲ. ಆದರೆ ಒಂದು ನಂಬಿಕೆ ಮಾತ್ರ ಈ ಸಾಲಿಗೆ ಸೇರದು. ಇಳಿಜಾರಿನಲ್ಲಿ ಗೇರು ತಪ್ಪಿಸಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ, ಇನ್ನೂ ಧೈರ್ಯವಿದ್ದರೆ ಎಂಜಿನನ್ನೇ ಬಂದ್ ಮಾಡಿ ಬಿಟ್ಟರೆ, ಪೆಟ್ರೋಲ್ ಉಳಿಯುತ್ತದೆಂಬ ನಂಬಿಕೆ ಅದು.

ಈ ನಂಬಿಕೆಯನ್ನು ಪರೀಕ್ಷಿಸಲು ನೀಲಗಿರಿಯ ನಡುವಟ್ಟಂಗಿಂತ ಉತ್ತಮವಾದ ಸ್ಥಳ ಸಿಗಲಾರದು. ನಮ್ಮ ಕಡೆಯಿಂದ ಊಟಿಗೆ ಹೋಗುವವರು ಮಡಿಕೇರಿ, ಮೈಸೂರು, ಗುಂಡ್ಲುಪೇಟೆಯ ದಾರಿ ಹಿಡಿಯಲಿ, ವಯನಾಡಿನ ದಾರಿ ಹಿಡಿಯಲಿ, ಕೊನೆಗೆ ಗೂಡಲೂರಿಗೆ ಬಂದೇ ಮೇಲೆ ಹತ್ತುವುದು ವಾಡಿಕೆ. ಗೂಡಲೂರಿನಿಂದ ನಡುವಟ್ಟಂಗೆ ಹದಿನೈದು ಕಿಲೋಮೀಟರಿಗೂ ಮಿಕ್ಕಿದ ಏರು. ಅಷ್ಟರಲ್ಲಿ ರಸ್ತೆ ಎಂಟುನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರುತ್ತದೆ. ಹಿಂದೆ ಸಿಂಕೋನಾ ತೋಟಗಳಿಗೆ, ಈಗ ಚಹಾ ತೋಟಗಳಿಗೆ ಹೆಸರಾದ ಈ ಊರು ಊಟಿಯಿಂದ ಮರಳುವವರಿಗೆ ಘಾಟಿಯ ತಲೆಬಾಗಿಲು. ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿ ಇನ್ನೂ ಹತ್ತಿರದ ದಾರಿ, ನಿಜ. ಆದರೆ 36 ಹೇರ್‌ಪಿನ್ ತಿರುವುಗಳ ಆ ಕಡಿದಾದ ರಸ್ತೆಯಲ್ಲಿ 2018ರ ಅಕ್ಟೋಬರಿನಲ್ಲಿ ಪ್ರವಾಸಿಗರ ಕಾರೊಂದು ಕಂದಕಕ್ಕೆ ಉರುಳಿ ಐವರು ಸತ್ತ ಬಳಿಕ, ಹೊರಗಿನ ವಾಹನಗಳು ಅಲ್ಲಿ ಇಳಿಯುವುದನ್ನು ಜಿಲ್ಲಾಡಳಿತ ನಿರ್ಬಂಧಿಸಿತು. ಹೀಗಾಗಿ ನಮ್ಮಂಥವರಿಗೆ ನಡುವಟ್ಟಂ ದಾರಿಯೇ ಗತಿ.

ನಡುವಟ್ಟಂನ ಚಹಾದಂಗಡಿಯ ಮುಂದೆ ನಿಂತು ಚಾಲಕರ ಮಾತಿಗೆ ಕಿವಿಗೊಟ್ಟರೆ ಜನಾಭಿಪ್ರಾಯ ತಾನಾಗಿ ತಿಳಿಯುತ್ತದೆ. “ಇಲ್ಲಿಂದ ಗೂಡಲೂರಿಗೆ ಪೆಟ್ರೋಲೇ ಬೇಡ ಮಾಷ್ಟ್ರೇ, ಬಂಡಿ ತಾನೇ ಹೋಗುತ್ತದೆ” ಎಂದು ನಮ್ಮ ಜಿಲ್ಲೆಯ ಚಾಲಕನೊಬ್ಬ ಹೆಮ್ಮೆಯಿಂದಲೇ ಹೇಳಿದ. ಆ ಹೆಮ್ಮೆಯ ಹಿಂದೆ ಒಂದು ಲೆಕ್ಕವಿದೆ, ಅದನ್ನು ಹಾಸ್ಯ ಮಾಡಿ ತಳ್ಳಿಹಾಕುವಂತಿಲ್ಲ. ಜನರೂ ಸೇರಿ 1200 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ, ರಸ್ತೆಯ ದೂರದ ಖರ್ಚು ಬೇರೆ ಇರಿಸಿ, ಒಂದು ಲೀಟರಿಗೂ ತುಸು ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ. ಹತ್ತುವಾಗ ಮುಳ್ಳು ಕೆಳಗಿಳಿಯುವುದನ್ನು ಕಣ್ಣಾರೆ ಕಂಡವನಿಗೆ, ಇಳಿಯುವಾಗ ಅದನ್ನು ಹೇಗಾದರೂ ವಸೂಲು ಮಾಡಬೇಕೆನಿಸುವುದು ಸಹಜ. ಬೆಟ್ಟಕ್ಕೆ ಕೊಟ್ಟ ಸಾಲವನ್ನು ಬೆಟ್ಟದಿಂದಲೇ ಮರಳಿ ಪಡೆಯುವ ಹಟ ಇದು. ಇಳಿಜಾರಿನ ನ್ಯೂಟ್ರಲ್ ಚಾಳಿಗೆ ಜಿಪುಣತನಕ್ಕಿಂತ ಈ ವಸೂಲಾತಿಯ ಮನೋಭಾವವೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ಇನ್ನೊಂದು ಕಾರಣ ಹಿರಿಯರಿಂದ ಬಂದ ವಿದ್ಯೆ. 1973ರ ಅರಬ್–ಇಸ್ರೇಲ್ ಯುದ್ಧದ ಬೆನ್ನಿಗೆ ಕಚ್ಚಾ ತೈಲದ ಬೆಲೆ ಬ್ಯಾರೆಲಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ನೆಗೆದಾಗ ನಮ್ಮ ರಸ್ತೆಗಳಲ್ಲಿದ್ದುದು ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳು. ಅವು ಕಾರ್ಬುರೇಟರಿನ ಬಂಡಿಗಳು. ಚಾಲಕ ಎಕ್ಸಲರೇಟರಿನಿಂದ ಕಾಲು ತೆಗೆದರೂ, ಗೇರಿನಲ್ಲಿ ತಿರುಗುವ ಎಂಜಿನ್ ತನ್ನ ಸೆಳೆತದಿಂದ ಕಾರ್ಬುರೇಟರಿನ ಸಣ್ಣ ರಂಧ್ರದ ಮೂಲಕ ಪೆಟ್ರೋಲನ್ನು ಹೀರುತ್ತಲೇ ಇರುತ್ತಿತ್ತು. ಆದ್ದರಿಂದ ಎಂಜಿನ್ ಬಂದ್ ಮಾಡಿದರೆ ನಾಲ್ಕು ಹನಿ ಉಳಿಯುತ್ತಿದ್ದುದು ಸುಳ್ಳಲ್ಲ. ಅಂದಿನ ಚಾಲಕ ಕಲಿತದ್ದನ್ನು ಮಗನಿಗೆ ಕಲಿಸಿದ, ಮಗ ಮೊಮ್ಮಗನಿಗೆ. ನಡುವೆ ಬಂಡಿ ಬದಲಾಯಿತು, ಪಾಠ ಮಾತ್ರ ಬದಲಾಗಲಿಲ್ಲ.

2000ದ ಸುಮಾರಿಗೆ ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ, ಅಳೆದು ಚಿಮ್ಮಿಸುವ ಇಂಜೆಕ್ಷನ್ ಪದ್ಧತಿ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ದ್ವಿಚಕ್ರ ವಾಹನಗಳಲ್ಲೂ ಸಾಮಾನ್ಯವಾಗಿ ಅದೇ ವ್ಯವಸ್ಥೆ. ಈ ಬಂಡಿಗಳನ್ನು ಗೇರಿನಲ್ಲಿಟ್ಟು ಕಾಲು ತೆಗೆದು ಇಳಿಸಿದರೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಅದನ್ನು ಅರಿತ ಯಂತ್ರದೊಳಗಿನ ನಿಯಂತ್ರಕ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಎಂಜಿನಿನ ವೇಗ ತೀರಾ ತಗ್ಗಿದಾಗ ಮಾತ್ರ ಮತ್ತೆ ಕೊಡುತ್ತದೆ. ಅದೇ ನ್ಯೂಟ್ರಲ್‌ಗೆ ಹಾಕಿದರೋ, ಎಂಜಿನ್ ಆರದಂತೆ ಕಾಯಲು ಪೆಟ್ರೋಲ್ ಸುರಿಯಲೇಬೇಕು. ಅಂದರೆ, ಉಳಿಸಲೆಂದು ಗೇರು ತಪ್ಪಿಸಿದವನೇ ಖರ್ಚು ಮಾಡುತ್ತಾನೆ! ನಡುವಟ್ಟಂನಿಂದ ಗೂಡಲೂರಿಗೆ ಅರ್ಧ ಗಂಟೆ ನ್ಯೂಟ್ರಲ್‌ನಲ್ಲಿ ಇಳಿದರೆ ಸಾಧಾರಣ ಕಾರೊಂದು ಲೀಟರಿನ ಮೂರನೇ ಒಂದು ಪಾಲಿನಷ್ಟು ಸುಡಬಹುದು. ಲೀಟರಿಗೆ ನೂರೈದು ರೂಪಾಯಿ ಎಂದಿಟ್ಟುಕೊಂಡರೆ ಮೂವತ್ತೈದು ರೂಪಾಯಿ. ಗೇರಿನಲ್ಲಿ ಇಳಿದವನಿಗೆ ಆ ಖರ್ಚೇ ಇಲ್ಲವೆನ್ನಬಹುದು. ಡೀಸೆಲ್ ಬಂಡಿಗಳ ಮಟ್ಟಿಗಂತೂ ಈ ವಿದ್ಯೆಗೆ ಹಿಂದೆಯೂ ಆಧಾರವಿರಲಿಲ್ಲ. ಹಳೆಯ ಲಾರಿ, ಬಸ್ಸುಗಳ ಡೀಸೆಲ್ ಪಂಪಿನ ಗವರ್ನರ್ ಕೂಡ ಇಳಿಜಾರಿನಲ್ಲಿ ಕಾಲು ತೆಗೆದೊಡನೆ ಎಣ್ಣೆ ಕಡಿಯುವಂಥದೇ.

ಎಂಜಿನನ್ನೇ ಬಂದ್ ಮಾಡಿದರೆ? ಗೇರಿನಲ್ಲಿ ಇಳಿಯುವವನಿಗಿಂತ ಒಂದು ಕಾಸೂ ಹೆಚ್ಚು ಉಳಿಯದು. ಕಳೆದುಕೊಳ್ಳುವುದು ಮಾತ್ರ ಬಹಳ. ಕಾರಿನ ಬ್ರೇಕಿಗೆ ಬಲ ಕೊಡುವ ನಿರ್ವಾತ ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ; ಬಳಿಕ ಪೆಡಲು ಕಲ್ಲಿನಂತೆ ಗಟ್ಟಿ. ಸ್ಟಿಯರಿಂಗ್ ಭಾರವಾಗುತ್ತದೆ. ಕೀಲಿಕೈಯನ್ನು ಒಂದು ಸುತ್ತು ಹೆಚ್ಚು ತಿರುಗಿಸಿ ತೆಗೆದರೆ ಸ್ಟಿಯರಿಂಗ್ ಬೀಗ ಬೀಳುವುದೂ ಉಂಟು. ಬಸ್ಸು, ಲಾರಿಗಳ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಂಜಿನಿನೊಡನೆಯೇ ನಿಲ್ಲುತ್ತದೆ, ತುಳಿದಂತೆಲ್ಲ ಗಾಳಿ ಖಾಲಿ. ಎಕ್ಸಾಸ್ಟ್ ಬ್ರೇಕ್ ಇದ್ದೂ ಇಲ್ಲದಂತೆ. ಗೇರಿಲ್ಲದೆ ಅದು ಕೆಲಸ ಮಾಡದು.

ಎಂಜಿನ್ ಚಾಲೂ ಇರಿಸಿ ನ್ಯೂಟ್ರಲ್ ಮಾತ್ರ ಮಾಡಿದವನೂ ಕ್ಷೇಮವಾಗಿಲ್ಲ. ಬೆಟ್ಟ ಮರಳಿ ಕೊಡುವ ಶಕ್ತಿಯನ್ನು ಯಾರಾದರೂ ಹೀರಿಕೊಳ್ಳಲೇಬೇಕು. ಎಂಜಿನ್ ಆ ಭಾರ ಹೊರದಿದ್ದರೆ ಅಷ್ಟೂ ಬ್ರೇಕಿನ ಮೇಲೆ ಬೀಳುತ್ತದೆ. ಗಾಳಿಯ ಮತ್ತು ಟಯರಿನ ಪಾಲು ಕಳೆದ ಮೇಲೂ, ನಡುವಟ್ಟಂನಿಂದ ಗೂಡಲೂರಿಗೆ ಇಳಿಯುವ ಕಾರಿನ ಬ್ರೇಕುಗಳಲ್ಲಿ ಹುಟ್ಟುವ ಬಿಸಿ ಸುಮಾರು ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಜನ ತುಂಬಿದ ಬಸ್ಸಿನದು ಅದರ ಹತ್ತು ಪಾಲು. ಬಚ್ಚಲಿನ ದೊಡ್ಡ ಹಂಡೆಗಳೆರಡನ್ನು ಒಲೆಗೇರಿಸಿದಂತೆ. ಇಷ್ಟು ಬಿಸಿಗೆ ಬ್ರೇಕಿನ ಹಿಡಿತ ಜಾರುತ್ತದೆ, ಬ್ರೇಕ್ ಎಣ್ಣೆ ಕುದಿದರೆ ಪೆಡಲು ನೆಲಕ್ಕೆ ಮುಟ್ಟುತ್ತದೆ. ಗೂಡಲೂರು ಸಮೀಪಿಸುವಾಗ ಬರುವ ಕರಕಲು ವಾಸನೆಯನ್ನು ಆ ದಾರಿಯಲ್ಲಿ ಪಯಣಿಸಿದವರು ಬಲ್ಲರು. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಘಾಟಿಯ ಹಳೆಯ ಚಾಲಕರ ಮಾತು. ನೀಲಗಿರಿಯ ಪೊಲೀಸರು ಎರಡನೆಯ ಗೇರಿನಲ್ಲಿ ಇಳಿಯಿರೆಂದು ಒತ್ತಿ ಹೇಳುವುದರ ತಾತ್ಪರ್ಯವೂ ಇದೇ.

ಇದು ದೂರದ ಬೆಟ್ಟದ ಸಂಗತಿಯೆಂದು ಕಾಸರಗೋಡಿನ ನಾವು ಕೈತೊಳೆದುಕೊಳ್ಳುವಂತಿಲ್ಲ. 2021ರ ಜನವರಿ 3ರಂದು ಪಾಣತ್ತೂರಿನ ಬಳಿಯ ಪರಿಯಾರಂ ಇಳಿಜಾರಿನಲ್ಲಿ, ಪುತ್ತೂರು ಕಡೆಯಿಂದ ಮದುವೆಗೆ ಹೊರಟ ದಿಬ್ಬಣದ ಬಸ್ಸು ಹತೋಟಿ ತಪ್ಪಿ ಮನೆಯೊಂದರ ಮೇಲೆ ಮಗುಚಿ 7 ಮಂದಿ ಪ್ರಾಣ ಬಿಟ್ಟರು. ಸತ್ತವರ ಮನೆಮಾತು ನಮ್ಮ ಸೀಮೆಯದೇ. ಸಂಪಾಜೆ, ಚಾರ್ಮಾಡಿ, ಕರಿಕೆಯ ದಾರಿಗಳಲ್ಲಿ ನಮ್ಮ ದಿಬ್ಬಣಗಳೂ ಜೀಪುಗಳೂ ದಿನನಿತ್ಯ ಇಳಿಯುತ್ತವೆ.

ಚಾಲಕನೊಬ್ಬನನ್ನೇ ದೂರುವುದು ಸುಲಭ. ಆದರೆ ಅವನ ಮೇಲಿನ ಒತ್ತಡವನ್ನೂ ನೋಡಬೇಕು. ಸರಕಾರಿ ಸಾರಿಗೆ ನಿಗಮಗಳ ಡಿಪೋಗಳಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿಸಿದನೆಂಬ ‘ಕೆಎಂಪಿಎಲ್’ ಲೆಕ್ಕವನ್ನು ಪ್ರತಿ ಚಾಲಕನ ಹೆಸರಿಗೂ ಬರೆದಿಡುತ್ತಾರೆ. ಹೆಚ್ಚು ಉಳಿಸಿದವನಿಗೆ ಮೆಚ್ಚುಗೆ, ಕಡಿಮೆಯಾದವನಿಗೆ ವಿಚಾರಣೆ. ಲಾರಿ ವ್ಯವಹಾರದಲ್ಲಿ ಟ್ರಿಪ್ಪಿಗೆ ಇಂತಿಷ್ಟು ಡೀಸೆಲ್ ಎಂದು ನಿಗದಿ ಮಾಡಿ ಮಿಕ್ಕಿದ್ದನ್ನು ಚಾಲಕನ ಪಾಲಿಗೆ ಬಿಡುವ ಪದ್ಧತಿಯೂ ಇದೆ. ಲೆಕ್ಕ ಇಡುವುದು ತಪ್ಪಲ್ಲ. ಡೀಸೆಲ್ ಉಳಿದರೆ ದೇಶಕ್ಕೂ ಲಾಭ. ಆದರೆ ಉಳಿಸು ಎಂದು ಮಾತ್ರ ಹೇಳಿ, ಹೇಗೆಂದು ತಾಯಿನುಡಿಯಲ್ಲಿ ತಿಳಿಸಿಕೊಡದಿದ್ದರೆ ಅವನು ಅಪ್ಪ ಕಲಿಸಿದ ವಿದ್ಯೆಯನ್ನೇ ಪ್ರಯೋಗಿಸುತ್ತಾನೆ.

ಸೋಜಿಗವೆಂದರೆ, ಇಳಿಜಾರಿನಲ್ಲಿ ಹನಿ ಲೆಕ್ಕ ಹಾಕುವ ಅದೇ ಜನ ಬೇರೆಡೆ ಕೊಡಗಟ್ಟಲೆ ಚೆಲ್ಲುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಮೇ ತಿಂಗಳ ಊಟಿಯ ವಾಹನ ಸಾಲಿನಲ್ಲಿ, ಪೈಕಾರದ ನಿಲುಗಡೆಯಲ್ಲಿ, ಎ.ಸಿ. ಹಾಕಿ ಗಂಟೆಗಟ್ಟಲೆ ಎಂಜಿನ್ ಚಾಲೂ ಇರಿಸುತ್ತಾರೆ. ಹಾಗೆ ಒಂದು ಗಂಟೆ ನಿಂತರೆ ಲೀಟರೊಂದರ ಆಸುಪಾಸು ಹೋಯಿತು. ಬಂಡೀಪುರದ ರಾತ್ರಿ ಸಂಚಾರ ನಿಷೇಧ 2009ರಿಂದ ಇದೆ. ರಾತ್ರಿ 9ಕ್ಕೆ ಗೇಟು ಬೀಳುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಊಟಿಯಲ್ಲಿ ಸಂಜೆಯವರೆಗೆ ಚಾಕಲೇಟು ಕೊಂಡು, ನಡುವಟ್ಟಂನಿಂದ ತೆಪ್ಪಕಾಡಿನವರೆಗೆ ಉಸಿರು ಬಿಗಿಹಿಡಿದು ಓಡಿಸುವುದು ನಮ್ಮವರ ರೂಢಿ. ಗಂಟೆಗೆ 60ರಲ್ಲಿ ಹೋಗುವ ಬಂಡಿಯನ್ನು 90ಕ್ಕೆ ಏರಿಸಿದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಅದನ್ನು ಸೀಳುವುದು ಪೆಟ್ರೋಲಿನಿಂದಲೇ ಅಲ್ಲವೇ? 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಗಂಟೆಗೆ 45ರಿಂದ 55 ಕಿಲೋಮೀಟರಿನ ಸಮವೇಗ, ಟಯರಿಗೆ ಸರಿಯಾದ ಗಾಳಿ, ನಿಂತಾಗ ಎಂಜಿನ್ ಬಂದ್ ಎಂದು ಬಹುಕಾಲದಿಂದ ಹೇಳುತ್ತ ಬಂದಿದೆ. ಸಪ್ಪೆ ಮಾತುಗಳು. ಇವುಗಳಲ್ಲಿ ಜಾಣತನ ಮೆರೆಯುವ ಅವಕಾಶವಿಲ್ಲ, ಆದ್ದರಿಂದ ಜನಪ್ರಿಯವಾಗಿಲ್ಲ.

ಎಥೆನಾಲಿನ ದೂರೂ ಹೀಗೆಯೇ. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿಯಿರುವುದರಿಂದ, ಶೇಕಡಾ 20 ಬೆರಸಿದಾಗ ಮೈಲೇಜು ತುಸು ಇಳಿಯುವುದು ದಿಟ, ದೂರು ನ್ಯಾಯವೇ. ಆದರೆ ಟಯರಿನ ಗಾಳಿ ನೋಡದೆ ತಿಂಗಳುಗಟ್ಟಲೆ ಓಡಿಸುವವನು ಎಲ್ಲ ನಷ್ಟವನ್ನೂ ಎಥೆನಾಲಿನ ತಲೆಗೆ ಕಟ್ಟುವುದು ಸಲ್ಲದು. ಇನ್ನು ಮಂಜೇಶ್ವರದ ಸುತ್ತಿನ ನಮ್ಮವರು ಗಡಿ ದಾಟಿ ಪೆಟ್ರೋಲ್ ಹಾಕಿಸುವ ವಿಷಯ. ಕೇರಳ ಸರಕಾರ 2023ರ ಏಪ್ರಿಲಿನಲ್ಲಿ ಲೀಟರಿಗೆ ಎರಡು ರೂಪಾಯಿ ಸೆಸ್ ಹೇರಿದ ಮೇಲೆ ಈ ಯಾತ್ರೆ ಹೆಚ್ಚಿತು. ಲೀಟರಿಗೆ ನಾಲ್ಕು ರೂಪಾಯಿ ಅಂತರವೆಂದಿಟ್ಟುಕೊಳ್ಳಿ. ಸ್ಕೂಟರಿಗೆ ನಾಲ್ಕು ಲೀಟರ್ ಹಾಕಿಸಿದರೆ ಹದಿನಾರು ರೂಪಾಯಿ ಲಾಭ. ಅದಕ್ಕೆಂದೇ ಹೋಗಿ ಬರುವ ಇಪ್ಪತ್ತು ಕಿಲೋಮೀಟರಿಗೆ ನಲವತ್ತು ರೂಪಾಯಿಯ ಪೆಟ್ರೋಲ್!

ಮೈಲೇಜಿನ ಅಂಕಿಯೂ ನಮ್ಮನ್ನು ದಾರಿತಪ್ಪಿಸುತ್ತದೆ. ಲೀಟರಿಗೆ 10 ಕಿಲೋಮೀಟರ್ ಕೊಡುವ ಜೀಪನ್ನು ಒಳ್ಳೆಯ ಚಾಲನೆಯಿಂದ 12ಕ್ಕೆ ತಂದರೆ ಯಾರೂ ಮೂಗಿನ ಮೇಲೆ ಬೆರಳಿಡುವುದಿಲ್ಲ. 50 ಕೊಡುವ ಬೈಕನ್ನು 60ಕ್ಕೆ ತಂದವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಸಾವಿರ ಕಿಲೋಮೀಟರಿಗೆ ಲೆಕ್ಕ ಹಾಕಿ ನೋಡಿ: ಜೀಪಿನವನು ಉಳಿಸಿದ್ದು ಹದಿನಾರೂವರೆ ಲೀಟರಿಗೂ ಹೆಚ್ಚು, ಬೈಕಿನವನು ಉಳಿಸಿದ್ದು ಮೂರೂಕಾಲು ಲೀಟರಿನ ಸುಮಾರು. ಹತ್ತನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟರೆ ಹೆಚ್ಚಿನವರು ಮೊದಲು ಬೈಕಿನ ಪರವಾಗಿಯೇ ಕೈ ಎತ್ತುತ್ತಾರೆ.

ಕಾನೂನಿನ ಸ್ಥಿತಿಯನ್ನೂ ಹೇಳಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಅಥವಾ ಕ್ಲಚ್ ಒತ್ತಿ ಎಂಜಿನನ್ನು ಬಿಡಿಸಿಕೊಂಡು ಓಡಿಸಬಾರದೆಂಬ ನಿಯಮ ಹಲವು ರಾಜ್ಯಗಳ ಮೋಟಾರು ವಾಹನ ನಿಯಮಗಳಲ್ಲಿ ಹಿಂದಿನಿಂದಲೂ ಇದೆ. ಆದರೆ ಅದು ಅನ್ವಯಿಸುವುದು ಆ ಬಗ್ಗೆ ಸೂಚನಾ ಫಲಕವಿರುವ ಇಳಿಜಾರಿಗೆ. ಎಂದ ಮೇಲೆ ಫಲಕವೇ ಪ್ರಾಣ. ನಡುವಟ್ಟಂ ದಾರಿಯಲ್ಲಿ ಕರ್ನಾಟಕದ ಮತ್ತು ಕೇರಳದ ವಾಹನಗಳು ಎಷ್ಟು ಇಳಿಯುತ್ತವೆಂದು ಒಂದು ಗಂಟೆ ನಿಂತು ಎಣಿಸಿದರೆ ಸಾಕು, ತಮಿಳು, ಇಂಗ್ಲಿಷಿನ ಜೊತೆಗೆ ಕನ್ನಡ, ಮಲಯಾಳಗಳೂ ಫಲಕದ ಮೇಲೆ ಏಕಿರಬೇಕೆಂಬುದಕ್ಕೆ ಬೇರೆ ಪುರಾವೆ ಬೇಡ. ಅದೇ ಮಾತು ಪಾಣತ್ತೂರಿನ ಇಳಿಜಾರಿಗೂ ಸಲ್ಲುತ್ತದೆ. ಸುಳ್ಯ, ಪುತ್ತೂರು ಕಡೆಯ ಚಾಲಕನಿಗೆ ಅಲ್ಲಿ ಅವನು ಓದಬಲ್ಲ ಲಿಪಿಯಲ್ಲಿ ‘ಗೇರು ತಪ್ಪಿಸಬೇಡಿ’ ಎಂಬ ಎರಡು ಪದ ಬರೆಯಲು ಲೋಕೋಪಯೋಗಿ ಇಲಾಖೆಗೆ ಆಗುವ ವೆಚ್ಚ ಹೆಚ್ಚಿನದೇನಲ್ಲ.

ಶಾಲೆಗಳ ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವಾಗ ನಾವು ದಾಖಲೆ, ವಿಮೆ, ಫಿಟ್‌ನೆಸ್ ಪತ್ರಗಳನ್ನು ಕೇಳುತ್ತೇವೆ. 2022ರ ಅಕ್ಟೋಬರಿನಲ್ಲಿ ಊಟಿಗೆ ಹೊರಟ ಶಾಲಾ ಪ್ರವಾಸದ ಬಸ್ಸು ವಡಕ್ಕಂಚೇರಿಯಲ್ಲಿ ಅಪಘಾತಕ್ಕೀಡಾಗಿ 9 ಮಂದಿ ತೀರಿಕೊಂಡ ಮೇಲೆ ಈ ತಪಾಸಣೆ ಬಿಗಿಯಾಗಿದೆ. ಅದರೊಂದಿಗೆ ಚಾಲಕನನ್ನು ಕರೆದು ಎರಡು ಪ್ರಶ್ನೆ ಕೇಳಬೇಕೆಂದು ಮುಖ್ಯೋಪಾಧ್ಯಾಯರಲ್ಲೂ ರಕ್ಷಕ–ಶಿಕ್ಷಕ ಸಂಘದವರಲ್ಲೂ ನನ್ನ ವಿನಂತಿ: ಈ ಘಾಟಿಯಲ್ಲಿ ಮೊದಲು ಬಸ್ಸು ಇಳಿಸಿದ್ದೀರಾ, ಇಳಿಸುವಾಗ ಯಾವ ಗೇರು?